ಹಳೇ ಬಾಗಿಲು, ಗುಜರಿ ಮಂಚ, ಹೊಲಿಗೆ ಮಿಷನ್ ಸ್ಟ್ಯಾಂಡು: ಬಡಗಿಯನ್ನು ಕೇಳಿ

ಈ ವಾರ ಹಳೇ ಸಾಮಾನಿನ ಪ್ರಶ್ನೆ ಮಾತ್ರ ತಗೋತೀನಿ ಅಂದಿದ್ದೆ. ಹೊಸ ವಾರ್ಡ್‌ರೋಬಿನ ರೇಟು ಕೇಳಿದವರು ಬೇಜಾರಾಗಬೇಡಿ, ಅದು ಇನ್ನೊಂದು ದಿನಕ್ಕೆ.

ಪ್ರಶ್ನೆ (ಕುವೆಂಪುನಗರ): ಅಗ್ರಹಾರದಲ್ಲಿದ್ದ ಅಜ್ಜಿ ಮನೆ ಕೆಡವಿದಾಗ ಮುಂಬಾಗಿಲಿನ ಜೋಡಿ ಕದ ಉಳಿಸಿಕೊಂಡಿದ್ದೀವಿ. ಮೇಲೆ ಹಸಿರು ಪೇಂಟು, ಅದರ ಕೆಳಗೆ ನೀಲಿ, ಅದರ ಕೆಳಗೆ ಇನ್ನೇನೋ. ಊಟದ ಟೇಬಲ್ ಮಾಡ್ಕೋಬಹುದಾ? ಮರ ತೇಗ ಅಂತಾರೆ ಮಾವ, ಹೊನ್ನೆ ಅಂತಾರೆ ಅಮ್ಮ.

ಉತ್ತರ: ಮೊದಲು ಮಾವ, ಅಮ್ಮನ ವಾದ ಬಗೆಹರಿಸೋಣ. ಕೀಲು ಕೂತಿದ್ದ ಗುಂಡಿಯಲ್ಲೋ ಕದದ ಕೆಳ ಅಂಚಿನಲ್ಲೋ ಪೇಂಟು ಅಷ್ಟಾಗಿ ಇರಲ್ಲ. ಅಲ್ಲಿ ಉಳಿಯಿಂದ ಸ್ವಲ್ಪ ಹೆರೆದು ನೋಡಿ. ತೇಗವಾದರೆ ಎಣ್ಣೆ ಜಿಡ್ಡು ಬೆರಳಿಗೆ ಗೊತ್ತಾಗುತ್ತೆ, ಹಳೇ ಚರ್ಮದ ಥರ ಒಂದು ವಾಸನೆ ಇರುತ್ತೆ. ಹೊನ್ನೆ ಅನ್ನೋ ಅನುಮಾನ ಇದ್ದರೆ ಆ ಚೂರುಗಳನ್ನ ಗಾಜಿನ ಲೋಟದ ನೀರಿಗೆ ಹಾಕಿ ಬೆಳಗಿನ ತನಕ ಬಿಡಿ. ನೀರು ಹಳದಿಗಟ್ಟಿ, ಬಿಸಿಲಿಗೆ ಹಿಡಿದಾಗ ಮೇಲೆ ನೀಲಿ ಹೊಳಪು ಆಡಿದರೆ ಅಮ್ಮ ಗೆದ್ದರು. ಹೊನ್ನೆಗೆ ಒಂದು ಚಾಳಿ ಇದೆ, ಒದ್ದೆಯಾದರೆ ಹಳದಿ ಕಲೆ ಬಿಡುತ್ತೆ. ಹಾಗಾಗಿ ಪಾಲಿಶ್ ಅಡಿಭಾಗಕ್ಕೂ ಹೊಡೀಬೇಕು.

ಇನ್ನು ಪೇಂಟು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ನಿಮ್ಮ ಹಸಿರು, ನೀಲಿ ಎಲ್ಲ ಅದಕ್ಕಿಂತ ಎಷ್ಟೋ ಹಳೇದು, ಸೀಸ ಇದೆ ಅಂತಲೇ ಇಟ್ಕೊಳ್ಳಿ. ಒಣ ಸ್ಯಾಂಡ್‌ಪೇಪರ್ ಹಾಕಿ ಉಜ್ಜಲೇಬೇಡಿ. ಆ ಧೂಳು ಮಕ್ಕಳ ಹೊಟ್ಟೆಗೆ ಹೋಗಬಾರದು. ಪೇಂಟ್ ರಿಮೂವರ್ ಬಳಿದು, ಉಬ್ಬಿದ ಮೇಲೆ ಕೆರೆದು, ಉಳಿದಿದ್ದನ್ನ ವಾಟರ್ ಪೇಪರಿನಲ್ಲಿ ನೀರು ಹಾಕುತ್ತಾ ಉಜ್ಜಿ. ಕೈಗೆ ಗ್ಲೌಸು ಹಾಕ್ಕೊಂಡು ಬಯಲಲ್ಲಿ ಮಾಡಿ, ಕೆಳಗೆ ಪ್ಲಾಸ್ಟಿಕ್ ಶೀಟು ಹಾಸಿರಿ. ಬಿದ್ದ ಸಿಪ್ಪೆಯನ್ನೆಲ್ಲ ಕಟ್ಟಿ, ಅಪಾಯಕಾರಿ ಕಸ ಅಂತ ಹೇಳಿ ಬೇರೆಯಾಗಿ ಕೊಡಿ. ಗಿಡದ ಬುಡಕ್ಕೆ ಸುರೀಬೇಡಿ.

ಹತ್ತರಿ ಹೊಡೆಯೋ ಮುಂಚೆ ಮೊಳೆ ಹುಡುಕಿ. ಹೊಸ್ತಿಲ ಪೂಜೆ, ತೋರಣ ಅಂತ ತಲೆಮಾರುಗಟ್ಟಲೆ ಹೊಡೆದ ಮೊಳೆ ತಲೆ ಮುರಿದು ಒಳಗೇ ಉಳಿದಿರುತ್ತೆ. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನ ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನಕ್ಕೆ ಎಳೆದರೆ ಮೊಳೆ ಇದ್ದಲ್ಲಿ ತಟ್ಟಂತ ನಿಲ್ಲುತ್ತೆ.

ಪಾನೆಲ್ ಕದ ಮಟ್ಟಸ ಇರಲ್ಲ, ಸಾರಿನ ಬಟ್ಟಲು ಇಟ್ಟರೆ ವಾಲುತ್ತೆ. ಮೇಲೆ 8 ಎಂಎಂ ಟಫನ್ಡ್ ಗಾಜು ಹಾಕಿಸಿ. ಆದರೆ ಟೇಬಲ್ ಪೂರ್ತಿ ಮುಗಿದ ಮೇಲೆ ಅಳತೆ ಕೊಡಿ, ಟಫನ್ಡ್ ಗಾಜನ್ನ ಆಮೇಲೆ ಕತ್ತರಿಸೋಕೆ ಬರಲ್ಲ. ಎತ್ತರ ಗಾಜೂ ಸೇರಿ 30 ಇಂಚು. ಕದ ಎರಡನ್ನೂ ಅಂಟು ಹಾಕಿ ಒಂದು ಮಾಡಬೇಡಿ, ಕೆಳಗೆ ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಬಿಗೀರಿ. ನಾಳೆ ಮನೆ ಬದಲಾಯಿಸಿದರೆ ಮೆಟ್ಟಿಲಲ್ಲಿ ಇಳಿಸೋರು ನಿಮ್ಮನ್ನ ನೆನೀತಾರೆ.

ಅವರೇ: ಹೀಟ್ ಗನ್ ಬಾಡಿಗೆಗೆ ಸಿಗುತ್ತೆ, ಬೇಗ ಆಗಲ್ವಾ?

ಉತ್ತರ: ಆಗುತ್ತೆ. ಸೀಸದ ಹೊಗೆಯನ್ನೂ ಅಷ್ಟೇ ಬೇಗ ಕುಡೀತೀರಿ. ಬೇಡ.

ಪ್ರಶ್ನೆ (ಮಂಡ್ಯ): ಗುಜರಿಯಲ್ಲಿ ತುಂಬಾ ಕಮ್ಮಿಗೆ ಒಂದು ಮಂಚ ತಂದೆ. ದಿನಾ ಬೆಳಗ್ಗೆ ಕಾಲಿನ ಹತ್ತಿರ ಮೈದಾ ಹಿಟ್ಟಿನಂಥ ಪುಡಿ ಬಿದ್ದಿರುತ್ತೆ. ಎಸೆದುಬಿಡ್ಲಾ?

ಉತ್ತರ: ಕುಟ್ಟೆ ಹುಳ. ಗೆದ್ದಲಲ್ಲ, ಗೆದ್ದಲಾದರೆ ಮಣ್ಣಿನ ದಾರಿ ಕಟ್ಟಿರುತ್ತೆ. ಎಸೆಯೋ ಮುಂಚೆ ಸ್ಕ್ರೂಡ್ರೈವರ್ ತುದಿಯಿಂದ ಕಾಲನ್ನ ಒತ್ತಿ ನೋಡಿ. ಒಳಕ್ಕೆ ಇಳಿದುಬಿಟ್ಟರೆ ಆ ಕಾಲಿನ ಕತೆ ಮುಗೀತು, ಬೇರೆ ಕಾಲು ಕೊಡಿಸಿ. ಗಟ್ಟಿ ಇದ್ದರೆ ಉಳಿಸಬಹುದು. ಈ ಹುಳಕ್ಕೆ ಬೇಕಾಗಿರೋದು ಮರದ ಹೊರಗಿನ ಬಿಳಿ ಭಾಗದ ಪಿಷ್ಟ, ತೇಗದ ಒಳಗಿನ ಕೆಚ್ಚು ಅದಕ್ಕೆ ರುಚಿಸಲ್ಲ. ಹಾಗಾಗಿ ಹುಳ ಎಲ್ಲೆಲ್ಲಿ ತೂತು ಕೊರೆದಿದೆ ಅಂತ ನೋಡಿದರೆ ನಿಮ್ಮ ಮಂಚದಲ್ಲಿ ಬಿಳಿ ಮರ ಎಷ್ಟಿದೆ ಅಂತಾನೂ ಗೊತ್ತಾಗುತ್ತೆ.

ಗ್ರಂದಿಗೆ ಅಂಗಡಿಯಲ್ಲಿ ಬಿಳಿಗಾರ ಕೇಳಿ, ಅಂದರೆ ಬೊರಾಕ್ಸ್. ಅದು ಒಂದೂವರೆ ಪಾಲು, ಬೋರಿಕ್ ಪೌಡರ್ ಒಂದು ಪಾಲು, ಎರಡೂ ಸೇರಿ ಸುಮಾರು 50 ಗ್ರಾಂ, 1 ಲೀಟರ್ ಬಿಸಿನೀರಿಗೆ. ಚೆನ್ನಾಗಿ ಕರಗಿಸಿ, ಬ್ರಷ್ಷಿನಲ್ಲಿ ಎರಡು ಮೂರು ಸಲ ಬಳಿದು, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ. ಪಾಲಿಶ್ ಮೇಲೆ ಬಳಿದರೆ ಒಳಗೆ ಇಳಿಯಲ್ಲ, ಮೊದಲು ಕೆರೆದು ಬರೀ ಮರ ಕಾಣಿಸಬೇಕು. ನೆರಳಲ್ಲಿ ಒಣಗಿದ ಮೇಲೆ ತೂತು ಮುಚ್ಚಿ ಪಾಲಿಶ್ ಹಾಕಿ. ಕೆಳಗೆ ಕಪ್ಪು ಕಾಗದ ಹಾಸಿಟ್ಟರೆ ಹೊಸ ಪುಡಿ ಬೀಳ್ತಿದೆಯೋ ಇಲ್ಲವೋ ಗೊತ್ತಾಗುತ್ತೆ. ಬಿಳಿಗಾರ ನೀರಿಗೆ ತೊಳೆದು ಹೋಗುತ್ತೆ, ಆದ್ದರಿಂದ ಹೊರಗಡೆ ಇಡೋ ಬೆಂಚಿಗೆ ಇದು ಆಗಲ್ಲ.

ಇನ್ನೊಬ್ಬರು (ಮದ್ದೂರು): ನಮ್ಮಲ್ಲಿ ಸೀಮೆಎಣ್ಣೆ ಹಾಕ್ತಿದ್ರು.

ಉತ್ತರ: ಹಾಕ್ತಿದ್ರು. ತಾಗಿದ ಹುಳ ಸಾಯುತ್ತೆ, ಎಣ್ಣೆ ಆರಿದ ಮೇಲೆ ಮರಕ್ಕೆ ಕಾವಲಿಲ್ಲ. ಮಲಗೋ ಮಂಚಕ್ಕೆ ಆ ವಾಸನೆ, ಬೆಂಕಿ ಭಯ ಬೇರೆ.

ಪ್ರಶ್ನೆ (ಹೂಟಗಳ್ಳಿ): ಫ್ಯಾಕ್ಟರಿಯಿಂದ ಪ್ಯಾಲೆಟ್ (ಸರಕು ಪೇರಿಸೋ ಮರದ ಚೌಕಟ್ಟು) ಪುಕ್ಕಟೆ ಸಿಗುತ್ತೆ. ಮಗಳಿಗೆ ಪುಸ್ತಕದ ರ‍್ಯಾಕ್ ಮಾಡೋಣ ಅಂತ. ಸೇಫಾ?

ಉತ್ತರ: ಮರದ ಮೇಲೆ ಸುಟ್ಟು ಒತ್ತಿದ ಮುದ್ರೆ ನೋಡಿ, ಗೋಧಿ ತೆನೆಯ ಚಿತ್ರ ಇರುತ್ತೆ. ಪಕ್ಕದಲ್ಲಿ ಎಚ್‌ಟಿ ಅನ್ನೋ ಇಂಗ್ಲಿಷ್ ಅಕ್ಷರ ಇದ್ದರೆ ಶಾಖ ಕೊಟ್ಟ ಮರ, ತಿರುಳಿನ ತನಕ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿರುತ್ತಾರೆ. ಅದನ್ನ ತಗೊಳ್ಳಿ. ಎಂಬಿ ಅಂತಿದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಕೊಟ್ಟಿದ್ದು, ಮಕ್ಕಳ ಕೋಣೆಗೆ ಬೇಡ. ಮುದ್ರೆಯೇ ಇಲ್ಲದಿದ್ದರೆ ಲೋಕಲ್ ಮಾಲು. ಆಗ ಕಲೆ ನೋಡಿ, ಮೂಸಿ ನೋಡಿ. ಎಣ್ಣೆಯೋ ಕೆಮಿಕಲ್ಲೋ ಚೆಲ್ಲಿದ ಗುರುತಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಪ್ಯಾಲೆಟ್ ಮೊಳೆಗೆ ತಿರುಪು ಇರುತ್ತೆ. ಹಾರೆ ಹಾಕಿ ಮೀಟಿದರೆ ಹಲಗೆ ಸೀಳಿಹೋಗುತ್ತೆ, ಮೊಳೆ ಮಾತ್ರ ಬರಲ್ಲ. ಹಲಗೆ ಮತ್ತು ರೀಪಿನ ಸಂದಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕೊಯ್ದುಬಿಡಿ. ತಲೆ ಹಲಗೆಯಲ್ಲೇ ಉಳಿದರೂ ನೋಡೋಕೆ ಚೆನ್ನಾಗೇ ಇರುತ್ತೆ.

ಪ್ರಶ್ನೆ (ಸರಸ್ವತಿಪುರಂ): ಅಮ್ಮ ಕಾಲಲ್ಲಿ ತುಳಿಯುತ್ತಿದ್ದ ಹೊಲಿಗೆ ಮಿಷನ್ನಿನ ಸ್ಟ್ಯಾಂಡು ಇದೆ, ಒಂದು ಕಾಲು ಬಿರುಕು ಬಿಟ್ಟಿದೆ. ವೆಲ್ಡಿಂಗ್ ಮಾಡಿಸಿ ಸ್ಟಡಿ ಟೇಬಲ್ ಮಾಡಬಹುದಾ?

ಉತ್ತರ: ಮೇಲಿನ ಮಿಷನ್ ಓಡುತ್ತಿದ್ದರೆ ಹೊಲಿಗೆಗೇ ಇಟ್ಕೊಳ್ಳಿ, ನನಗಂತೂ ಅದನ್ನ ಬಿಚ್ಚೋಕೆ ಮನಸ್ಸು ಬರಲ್ಲ. ಇಲ್ಲದಿದ್ದರೆ ಮಾಡಿ. ಆದರೆ ಅದು ಎರಕದ ಕಬ್ಬಿಣ. ಗೇಟು ವೆಲ್ಡ್ ಮಾಡೋ ಹಾಗೆ ಮಾಡಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತೆ. ಹಿಂಬದಿಗೆ ಒಂದು ಕಬ್ಬಿಣದ ಪಟ್ಟಿ ಇಟ್ಟು, ಎರಡೂ ಕಡೆ ತೂತು ಕೊರೆದು ನಟ್ಟು ಬೋಲ್ಟು ಹಾಕಿಸಿ. ಪೆಡಲಿಂದ ಚಕ್ರಕ್ಕೆ ಹೋಗೋ ಕಂಬಿ ಬಿಚ್ಚಿಡಿ, ಮಗುವಿನ ಕಾಲು ಸಿಕ್ಕಿಕೊಳ್ಳುತ್ತೆ. ಮೇಲಿನ ಹಲಗೆಗೆ ಹಳೇ ಬೀರುವಿನ ಬಾಗಿಲು ಸಾಕು. ಸ್ಟಡಿ ಟೇಬಲ್ ಬದಲು ವಾಶ್‌ಬೇಸಿನ್ ಸ್ಟ್ಯಾಂಡ್ ಮಾಡೋದಾದರೆ ಗ್ರಾನೈಟ್ ಅಂಗಡಿಯಲ್ಲಿ ಸಿಂಕ್ ಕೊರೆದಾಗ ಉಳಿದ ತುಂಡು ಕೇಳಿ. ಮೂಲೆಯಲ್ಲಿ ಒರಗಿಸಿಟ್ಟಿರುತ್ತಾರೆ.

ಪ್ರಶ್ನೆ (ಪಾಂಡವಪುರ): ಔಷಧಿ ಡ್ರಮ್ಮು ತೊಳೆದು ನೀರಿಗೆ ಇಟ್ಕೋಬಹುದಾ?

ಉತ್ತರ: ಹೊಲಕ್ಕೆ ಹೊಡೆಯೋ ಔಷಧಿದಾ? ಎಷ್ಟು ತೊಳೆದರೂ ಬೇಡ. ದನಕ್ಕೂ ಬೇಡ.

ಪ್ರಶ್ನೆ (ಶ್ರೀರಂಗಪಟ್ಟಣ): ಕೆಡವಿದ ಮನೆಯ ಮರ ಲಾಟ್ ಲೆಕ್ಕದಲ್ಲಿ ಕೊಡ್ತೀನಿ ಅಂತಿದ್ದಾರೆ. ಮೋಸ ಹೋಗದೆ ಕೊಳ್ಳೋದು ಹೆಂಗೆ?

ಉತ್ತರ: ಸಿಎಫ್‌ಟಿಗೆ, ಅಂದರೆ ಘನ ಅಡಿಗೆ, ಇಳಿಸಿ ನೋಡಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. 7 ಅಡಿ ಉದ್ದದ 5 ಇಂಚು, 3 ಇಂಚಿನ ಬಾಗಿಲುವಾಡದ ಕಂಬ ಒಂದು 0.73 ಸಿಎಫ್‌ಟಿ. ಅಂಥವು ಎರಡು, ಜೊತೆಗೆ 4 ಅಡಿಯ ಮೇಲಡ್ಡ ಮತ್ತು ಹೊಸ್ತಿಲು, ಎಲ್ಲ ಸೇರಿ 2.3ರ ಹತ್ತಿರ ಬರುತ್ತೆ.

ಅಷ್ಟಕ್ಕೂ ದುಡ್ಡು ಕೊಡಬೇಡಿ. ಕಂಬದ ಬುಡ ನೆಲದೊಳಗೆ ಹೂತಿದ್ದ ಭಾಗ ಕೊಳೆತಿರುತ್ತೆ, ಹೊಸ್ತಿಲ ಅಡಿಗೆ ಗೆದ್ದಲು ಬಂದಿರುತ್ತೆ. ಚುಚ್ಚಿ ನೋಡಿ, ಮೆತ್ತಗಿರೋದನ್ನ ಅಳತೆಯಿಂದ ಕಳೀರಿ. ಉಳಿದ ಸಿಎಫ್‌ಟಿಯಿಂದ ಅವರ ಲಾಟ್ ಬೆಲೆಯನ್ನ ಭಾಗಿಸಿ, ಸಾ ಮಿಲ್ಲಿಗೆ ಒಂದು ಫೋನ್ ಮಾಡಿ ಅದೇ ಜಾತಿಯ ಹೊಸ ಮರದ ದರ ಕೇಳಿ. ಅದರ ಅರ್ಧ ದಾಟಿದರೆ ನಾನು ತಗೊಳ್ಳಲ್ಲ. ಮೊಳೆ ಕೀಳೋದು, ಹತ್ತರಿ ಹೊಡೆಯೋದು, ವೇಸ್ಟು, ಎಲ್ಲ ನಮ್ಮ ತಲೆ ಮೇಲೇ ಬೀಳುತ್ತೆ. ಎರಡು ಅಡಿಗಿಂತ ಚಿಕ್ಕ ತುಂಡುಗಳನ್ನ ಲೆಕ್ಕಕ್ಕೇ ಸೇರಿಸಬೇಡಿ. ಅವರು ಹೇಗೂ ಸೌದೆಗೆ ಹಾಕ್ತಾರೆ, ವ್ಯಾಪಾರ ಕುದುರಿದ ಮೇಲೆ ಕೇಳಿದರೆ ಸುಮ್ಮನೆ ಕೊಡ್ತಾರೆ. ಮಣೆಗೆ, ಸ್ಟೂಲಿನ ಕಾಲಿಗೆ ಆ ತುಂಡುಗಳೇ ಸಾಕು.