ಕನ್ನಗಳವು, ಸುಲಿಗೆ, ದರೋಡೆ: ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಚಿಕ್ಕಪ್ಪ ಊರಲ್ಲಿ ಇಲ್ಲದಾಗ ಯಾರೋ ಅವರ ಮನೆ ಬೀಗ ಒಡೆದು ಒಡವೆ ಹೊತ್ತೊಯ್ದರು. ನೆಂಟರ ಬಾಯಲ್ಲೆಲ್ಲ ‘ಮನೆ ದರೋಡೆ ಆಯ್ತಂತೆ’. ಠಾಣೆಯಲ್ಲಿ ಬರೆದುಕೊಂಡದ್ದು ಮಾತ್ರ ‘ಕನ್ನಗಳವು’. ‘ಗೋಡೆಗೆ ಯಾರೂ ಕನ್ನ ಕೊರೆದಿಲ್ವಲ್ಲೋ, ಕೇಸು ತಪ್ಪು ಬರೆದಿದ್ದಾರಾ?’ ಅಂತ ಚಿಕ್ಕಪ್ಪನ ಗುಮಾನಿ.

ಅವರಿಗೆ ಉತ್ತರ ಹೇಳಬೇಕಲ್ಲ, ಇಂಡಿಯಾ ಕೋಡ್ ತಾಣದಲ್ಲಿ ಭಾರತೀಯ ನ್ಯಾಯ ಸಂಹಿತೆ ತೆರೆದೆ. 1860ರ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಕಾಯಿದೆ ಇದು. ಪೂರ್ತಿ ಪುಕ್ಕಟೆ ಓದಬಹುದು. ಮನೆ ಒಡೆಯುವುದು ಎಂದರೇನು ಅಂತ 330ನೇ ಕಲಂ ಹೇಳುತ್ತದೆ. ಅಲ್ಲಿ ಕೊಟ್ಟಿರುವ ಮೊದಲ ಉದಾಹರಣೆಯೇ ಗೋಡೆಗೆ ತೂತು ಮಾಡಿ ಕೈ ತೂರಿಸಿದವನದು! ನಮ್ಮ ಕನ್ನವೇ ಅಲ್ವಾ ಅದು? ಅದೇ ಸಾಲಿನಲ್ಲಿ, ಮನೆಯವರು ಕಳೆದುಕೊಂಡ ಬೀಗದ ಕೈ ಸಿಕ್ಕಿತೆಂದು ಬಾಗಿಲು ತೆಗೆದು ಒಳಹೊಕ್ಕವನೂ ಇದ್ದಾನೆ. ಹಾಗಾಗಿ ಬೀಗ ಒಡೆದರೂ ಪೊಲೀಸರ ಬರಹದಲ್ಲಿ ಅದು ಕನ್ನವೇ. ಮಣ್ಣಿನ ಗೋಡೆ ಹೋದರೂ ಪದ ಉಳಿದಿದೆ.

ದರೋಡೆಗೆ ತಲೆ ಎಣಿಸಬೇಕು. ಐವರು ಅಥವಾ ಅದಕ್ಕಿಂತ ಜಾಸ್ತಿ ಜನ ಕೂಡಿ ಸುಲಿಗೆ ಮಾಡಿದರೆ ಅದು 310ನೇ ಕಲಂ. ನಾಲ್ವರೇ ಆದರೆ ಬರೀ ಸುಲಿಗೆ, 309. ‘ದರೋಡೆಗೆ ಸಂಚು’ ಎಂಬ ಸುದ್ದಿಯಲ್ಲಿ ಸಿಕ್ಕಿಬಿದ್ದವರು ಸಾಮಾನ್ಯವಾಗಿ ಐವರೋ ಆರು ಮಂದಿಯೋ ಯಾಕಿರುತ್ತಾರೆ ಅಂತ ಈಗ ಹೊಳೆಯಿತು. ಕೆಲವರು ಇದಕ್ಕೇ ಡಕಾಯಿತಿ ಅಂತಲೂ ಬರೆಯುತ್ತಾರೆ.

ನನಗೆ ಕಾಡುವುದು ಸುಲಿಗೆ. ಚಾಕು ತೋರಿಸಿ ಪರ್ಸು ಕಿತ್ತುಕೊಂಡರೂ ಸುಲಿಗೆ, ‘ದುಡ್ಡು ಕೊಡದಿದ್ದರೆ ನೋಡ್ಕೋತೀನಿ’ ಎಂದು ಬೆದರಿಸಿ ಹಣ ಪೀಕಿದರೂ ಸುಲಿಗೆ. ಕಾಯಿದೆಗೆ ಇವು ಬೇರೆ ಬೇರೆ, ಎರಡನೆಯದು 308. ಇನ್ನು ಮೀಟರಿಗಿಂತ ಹೆಚ್ಚು ಕೇಳುವ ಆಟೋದವರನ್ನೂ ನಾವು ಸುಲಿಗೆಕೋರರ ಲೆಕ್ಕಕ್ಕೆ ಸೇರಿಸುತ್ತೇವೆ. ಬಾಳೆಹಣ್ಣಿನ ಸಿಪ್ಪೆಯಿಂದ ಶುರುವಾದ ‘ಸುಲಿ’ ಎಲ್ಲಿಗೆ ಬಂತು ನೋಡಿ! ಬೆದರಿಸಿ ಕೀಳುವುದಕ್ಕೆ ‘ಬಲಾದ್ಗ್ರಹಣ’ ಅಂತ ಪುಸ್ತಕದ ಪದವೊಂದಿದೆ. ಅದನ್ನು ಯಾರು ಬಾಯಲ್ಲಿ ಆಡುತ್ತಾರೆ?

ಹೊಸ ಕಾಯಿದೆ ಇನ್ನೊಂದನ್ನು ಸೇರಿಸಿದೆ, 304. ತಟ್ಟನೆ ಕೈಹಾಕಿ ಕಿತ್ತುಕೊಂಡು ಹೋಗುವುದು. ಹಳೆಯದರಲ್ಲಿ ಇದಕ್ಕೆ ಬೇರೆ ಕಲಂ ಇರಲಿಲ್ಲ. ಕುತ್ತಿಗೆಯ ಸರವಾದರೆ ‘ಸರಗಳ್ಳತನ’ ಅನ್ನುತ್ತೇವೆ. ಮೊಬೈಲು, ಬ್ಯಾಗು ಆದರೆ? ‘ಕಸಿಯುವಿಕೆ’ ಸಪ್ಪೆ ಎನಿಸುತ್ತದೆ. ಕನ್ನಗಳವಿನ ಜೋಡಿಗೆ ‘ಕಸಿಗಳವು’ ಎಂದು ಸುಮ್ನೆ ಕಟ್ಟಿ ನೋಡಿದೆ. ಮಾವಿನ ಸಸಿ ಕದ್ದ ಹಾಗೆ ಕೇಳಿಸಿತು!

ಧಾರವಾಡದ ಕಡೆಯವರಿಗೆ ಕಳವು ಎಂದರೆ ತುಡುಗು. ಹೀಗೆ ಎಗರಿಸಿಕೊಂಡು ಓಡುವುದಕ್ಕೆ ಅಲ್ಲಿ ಬೇರೆ ಪದ ಇದೆಯೇ? ಕರಾವಳಿಯಲ್ಲಿ? ಗೊತ್ತಿದ್ದವರು ತಿಳಿಸಿ.