ಮರು: ‘ತೀವ್ರ ಮೂತ್ರಪಿಂಡ ಗಾಯ’ ಸರಿಯೇ? ಕರಪತ್ರಕ್ಕೆ ಇವತ್ತೇ ಬೇಕು

ಸಾರ್, ಮಾತ್ರೆಯ ಅಡ್ಡಪರಿಣಾಮದ ಕರಪತ್ರದಲ್ಲಿ ಇಂಗ್ಲಿಷಿನ ‘ಅಕ್ಯೂಟ್ ಕಿಡ್ನಿ ಇಂಜುರಿ’ಗೆ ‘ತೀವ್ರ ಮೂತ್ರಪಿಂಡ ಗಾಯ’ ಅಂತ ಬರೆದು, ಸರಿಯೇ ಅಂತ ಕೇಳಿದ್ದೀರಿ. ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು ಅಂದಿದ್ದೀರಿ, ಅದಕ್ಕೇ ಮೊದಲು ಉತ್ತರ: ‘ಕಿಡ್ನಿಗೆ ದಿಢೀರ್ ಹಾನಿ’ ಅಂತ ಹಾಕಿ. ನೀವು ಬರೆದದ್ದು ಬೇಡವೇ ಬೇಡ.

‘ಗಾಯ’ ಅಂದರೆ ನಮ್ಮಲ್ಲಿ ಚರ್ಮ ಕಿತ್ತು ರಕ್ತ ಬರಬೇಕು. ‘ಪೆಟ್ಟು’ ಅಂದರೆ ಎಲ್ಲೋ ಬಿದ್ದರು ಅಂದುಕೊಳ್ಳುತ್ತಾರೆ. ಇವೆರಡಕ್ಕಿಂತ ಕೆಟ್ಟದ್ದು ‘ತೀವ್ರ’. ಡಾಕ್ಟರುಗಳು ಅಕ್ಯೂಟ್ ಅನ್ನುವುದು ಕೆಲವೇ ದಿನದಲ್ಲಿ ಶುರುವಾದದ್ದಕ್ಕೆ, ಜೋರಾದದ್ದಕ್ಕಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ 48 ಗಂಟೆಯೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೂ ಸಾಕು, ಈ ಹೆಸರು ಬೀಳುತ್ತದೆ. ಅಷ್ಟಕ್ಕೇ ‘ತೀವ್ರ’ವಾ?

ನಮ್ಮಮ್ಮನಿಗೆ ಉರಿಮೂತ್ರ ಅಂತ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ಕೊಟ್ಟಿದ್ದರು. ಆರನೇ ದಿನ ಜ್ವರ, ಮೈತುಂಬ ದದ್ದು, 0.9 ಇದ್ದ ಕ್ರಿಯಾಟಿನಿನ್ 2.1. ಚೀಟಿಯಲ್ಲಿ ‘ತೀವ್ರ’ ಅಂತ ಓದಿದವರೇ ಕತ್ತಿನ ಸರ ಬಿಚ್ಚಿ ನನ್ನ ಕೈಗಿಟ್ಟರು, ಡಯಾಲಿಸಿಸ್‌ಗೆ ದುಡ್ಡು ಬೇಕಾಗುತ್ತೆ ಅಂತ. ಮಾತ್ರೆ ನಿಲ್ಲಿಸಿದ ಮೇಲೆ ತಿಂಗಳೊಳಗೆ ಸರಿಹೋಯಿತು. ಆ ರಾತ್ರಿ ಅಮ್ಮ ಕಣ್ಣು ಮುಚ್ಚದೆ ಕೂತಿದ್ದು ಒಂದು ಕೆಟ್ಟ ಅನುವಾದದಿಂದ.

ಅಡ್ಡಪರಿಣಾಮ ‘ವಿರಳ’ ಅನ್ನುತ್ತಾರಲ್ಲ, ಆ ಪದಕ್ಕೆ ಬರೋಣ. ಔಷಧದ ಡಬ್ಬಿಯೊಳಗಿನ ಚೀಟಿಯಲ್ಲಿ ಅದಕ್ಕೊಂದು ಲೆಕ್ಕವಿದೆ: 10,000 ಜನರಲ್ಲಿ 1ರಿಂದ 10 ಜನ. ನಾನಾದರೆ ‘ಅಪರೂಪಕ್ಕೆ’ ಅಂತ ಬರೆಯುತ್ತೇನೆ. ಆದರೆ ಜೆಂಟಾಮೈಸಿನ್ ಅನ್ನುವ ಇನ್ನೊಂದು ಆಂಟಿಬಯಾಟಿಕ್ ಇಂಜೆಕ್ಷನ್‌ಗೂ ಅದನ್ನೇ ಅಂಟಿಸಬೇಡಿ, ಅದರಲ್ಲಿ ಕಿಡ್ನಿ ತೊಂದರೆ ಅಷ್ಟೇನೂ ಅಪರೂಪವಲ್ಲ.

ಇನ್ನು ಕಿಡ್ನಿಗೆ ‘ನೀರುಂಡೆ’ ಅನ್ನುವ ಹೊಸ ಪದ ಸೂಚಿಸಿದವರಿಗೆ. ತಮಿಳರ ‘ಸಿರುನೀರಗಂ’ ತೋರಿಸಿ ನಮಗೂ ನಮ್ಮದೇ ಪದ ಬೇಕು ಅನ್ನುತ್ತಿದ್ದೀರಿ. ಅದು ಅಲ್ಲಿ ಜನರ ಬಾಯಲ್ಲಿದೆ, ನಿಮ್ಮದು ನಿನ್ನೆ ಹುಟ್ಟಿದ್ದು. ಮಲಯಾಳಿಗಳು ಸಂಸ್ಕೃತದ ‘ವೃಕ್ಕ’ವನ್ನೇ ಇಟ್ಟುಕೊಂಡಿದ್ದಾರೆ, ಅದರಿಂದ ಮಲಯಾಳ ಏನೂ ಬಡವಾಗಿಲ್ಲ. ಧಾರವಾಡದ ಕಡೆ ದವಾಖಾನೆ ಅಂದರೆ ಪಾರಸಿ ಪದ ಅಂತ ಯಾರೂ ತಕರಾರು ತೆಗೆಯುವುದಿಲ್ಲ. ಕಿಡ್ನಿ ಅನ್ನುವ ಪದವೂ ಹಾಗೇ ನಮ್ಮದಾಗಿ ಎಷ್ಟೋ ಕಾಲವಾಯಿತು. ಕಾಯಿಲೆ ಬಿದ್ದವರ ಮೇಲೆ ಹೊಸ ಪದದ ಪ್ರಯೋಗ ಮಾಡುವುದು ತಪ್ಪು, ಇದರಲ್ಲಿ ನಾನು ರಾಜಿಯಾಗುವುದಿಲ್ಲ.

‘ಮೂತ್ರಪಿಂಡ’ವನ್ನು ತಲೆಬರಹದಲ್ಲಿ ಒಂದು ಸಲ ಹಾಕಿ, ಶಾಲೆಯಲ್ಲಿ ಅದನ್ನು ಓದಿದವರಿದ್ದಾರೆ. ಕೆಳಗಿನ ಸಾಲು ಹೀಗಿರಲಿ:

“ಈ ಮಾತ್ರೆಯಿಂದ ಅಪರೂಪಕ್ಕೆ ಕೆಲವರ ಕಿಡ್ನಿಗೆ ದಿಢೀರ್ ಹಾನಿಯಾಗಬಹುದು. ಜ್ವರ, ದದ್ದು ಬಂದರೆ ಅಥವಾ ಮೂತ್ರ ಕಮ್ಮಿಯಾದರೆ ಕೂಡಲೇ ಡಾಕ್ಟರಿಗೆ ತೋರಿಸಿ.”