ಡಿಸೆಂಬರ್ 25: ಸೂರ್ಯನ ಹಬ್ಬವನ್ನು ಚರ್ಚ್ ಕದ್ದಿತೇ?

ಕೆರೆದಂಡೆ:
ಡಿಸೆಂಬರ್ ಬಂತು ಅಂದರೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಅದೇ ಮೆಸೇಜ್ ಬರುತ್ತದೆ. ಕ್ರಿಸ್‌ಮಸ್ ಅನ್ನೋದು ರೋಮನ್ನರ ಸೂರ್ಯನ ಹಬ್ಬ, ಚರ್ಚ್ ಅದನ್ನು ಕದ್ದು ಹೆಸರು ಬದಲಾಯಿಸಿತು, ರೋಮನ್ನರು ಪೂಜಿಸುತ್ತಿದ್ದ ಮಿತ್ರ ದೇವರು ಹುಟ್ಟಿದ್ದೂ ಅದೇ ದಿನ, ಕ್ರಿಸ್‌ಮಸ್ ಮರವೂ ಹಳೇ ಕಾಲದ ಮರದ ಪೂಜೆ ಅಂತ. ಇದರಲ್ಲಿ ಎಷ್ಟು ನಿಜ? ಓದಿಕೊಂಡವರು ಹೇಳಿ. ಜಗಳ ಹಚ್ಚೋಕೆ ಕೇಳುತ್ತಿಲ್ಲ, ತಿಳಿದುಕೊಳ್ಳಬೇಕು ಅಷ್ಟೆ.

ಹಳೆನಾಣ್ಯ:
ಮುಖ್ಯವಾದ ಮಾತು ನಿಜ. ರೋಮ್‌ನಲ್ಲಿ ಡಿಸೆಂಬರ್ 17ರಿಂದ ಸ್ಯಾಟರ್ನೇಲಿಯಾ, ಅಂದರೆ ಸ್ಯಾಟರ್ನ್ ದೇವರ ಹಬ್ಬ, ಶುರುವಾಗುತ್ತಿತ್ತು. ಕೋರ್ಟು, ಶಾಲೆ ಎಲ್ಲ ರಜೆ. ಯಜಮಾನರೇ ಗುಲಾಮರಿಗೆ ಊಟ ಬಡಿಸುತ್ತಿದ್ದರು. ಮೇಣದ ಬತ್ತಿ, ಮಣ್ಣಿನ ಪುಟ್ಟ ಗೊಂಬೆಗಳನ್ನು ಉಡುಗೊರೆ ಕೊಡುತ್ತಿದ್ದರು. 274ರಲ್ಲಿ ಚಕ್ರವರ್ತಿ ಆರೇಲಿಯನ್ ಸೋಲ್ ಇನ್ವಿಕ್ಟಸ್‌ಗೆ, ಅಂದರೆ ಸೋಲಿಲ್ಲದ ಸೂರ್ಯನಿಗೆ, ದೊಡ್ಡ ಗುಡಿ ಕಟ್ಟಿಸಿದ. ರೋಮ್‌ನ ಚರ್ಚ್ ಡಿಸೆಂಬರ್ 25ನ್ನು ಆಚರಿಸಿದ್ದಕ್ಕೆ ಇರುವ ಮೊದಲ ಗುರುತು 336ರದು. ಯಾರು ಮೊದಲು, ಯಾರು ಆಮೇಲೆ ಅಂತ ಇಲ್ಲೇ ಕಾಣುತ್ತದೆ ಅಲ್ವಾ?

601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟಿದ್ದ ಪಾದ್ರಿಗಳಿಗೆ ಬರೆದ ಕಾಗದವೂ ಇದೆ. ಗುಡಿಗಳನ್ನು ಕೆಡವಬೇಡಿ, ಮೂರ್ತಿ ಮಾತ್ರ ತೆಗೆಯಿರಿ, ಜನರ ಹಬ್ಬದೂಟ ನಡೆಯಲಿ ಬಿಡಿ ಅಂತ ಅದರಲ್ಲಿದೆ.

ತಾಳೆಗರಿ:
ಆ 336 ಎಲ್ಲಿಂದ ಬಂತು ಅನ್ನೋದನ್ನೂ ಹೇಳಬೇಕು. 354ರಲ್ಲಿ ರೋಮ್‌ನ ವ್ಯಾಲಂಟೈನಸ್ ಎಂಬ ಸಿರಿವಂತನಿಗಾಗಿ ಚಿತ್ರಗಳಿರುವ ಒಂದು ಪಂಚಾಂಗ ಮಾಡಿದ್ದರು. ಅದರ ಒಂದು ಪುಟದಲ್ಲಿ ಡಿಸೆಂಬರ್ 25ರ ಎದುರು 'ಸೋಲಿಲ್ಲದವನ ಹುಟ್ಟುಹಬ್ಬ, 30 ರಥದ ಓಟ' ಅಂತಿದೆ. ಅದೇ ಪುಸ್ತಕದ ಇನ್ನೊಂದು ಕಡೆ ಹುತಾತ್ಮರ ಪಟ್ಟಿ ಇದೆ. ಅದು ಶುರುವಾಗೋದೇ ಅದೇ ತಾರೀಖಿನಿಂದ, 'ಕ್ರಿಸ್ತನು ಬೆತ್ಲೆಹೇಮಿನಲ್ಲಿ ಹುಟ್ಟಿದ' ಅಂತ. ಈ ಪಟ್ಟಿಯ ಮೂಲ 336ರದು ಅಂತ ವಿದ್ವಾಂಸರ ಲೆಕ್ಕ.

ಈಗ ನೋಡಿ. ಡಿಸೆಂಬರ್ 25ಕ್ಕೆ ಸೂರ್ಯನ ಹಬ್ಬ ಇತ್ತು ಅನ್ನೋದಕ್ಕೂ ನಮ್ಮ ಕೈಯಲ್ಲಿರುವ ಸ್ಪಷ್ಟ ದಾಖಲೆ ಇದೇ ಪುಸ್ತಕ. ಆರೇಲಿಯನ್ ಗುಡಿ ಕಟ್ಟಿಸಿದ್ದು ನಿಜ. ಅದರ ಪ್ರತಿಷ್ಠೆ ಡಿಸೆಂಬರ್ 25ಕ್ಕೇ ಆಯ್ತು ಅಂತ ಆ ಕಾಲದ ಯಾರೂ ಬರೆದಿಲ್ಲ.

ಇನ್ನೊಂದು ವಾದವೂ ಇದೆ. ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ಟೆರ್ಟುಲಿಯನ್, ಯೇಸು ಶಿಲುಬೆಗೇರಿದ್ದು ಮಾರ್ಚ್ 25 ಅಂತ ಬರೆದ. ಯೇಸು ತಾಯಿಯ ಗರ್ಭಕ್ಕೆ ಬಂದದ್ದೂ ಸತ್ತದ್ದೂ ಒಂದೇ ತಾರೀಖು ಅನ್ನೋ ನಂಬಿಕೆ ಬೆಳೆಯಿತು. 5ನೇ ಶತಮಾನದಲ್ಲಿ ಬಿಷಪ್ ಅಗಸ್ಟೀನ್ ಇದನ್ನು ನೇರವಾಗಿ ಹೇಳುತ್ತಾನೆ. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿ, ಡಿಸೆಂಬರ್ 25. ಪೂರ್ವದಲ್ಲಿ ಕೆಲವರು ಸಾವಿನ ದಿನ ಏಪ್ರಿಲ್ 6 ಅಂದರು. ಅಲ್ಲಿಂದ ಒಂಬತ್ತು ತಿಂಗಳಿಗೆ ಜನವರಿ 6. ಅರ್ಮೇನಿಯಾದವರು ಇವತ್ತಿಗೂ ಕ್ರಿಸ್‌ಮಸ್ ಮಾಡೋದು ಜನವರಿ 6ಕ್ಕೇ. ಎಲ್ಲ ಸೂರ್ಯನ ಹಬ್ಬದಿಂದ ಬಂದದ್ದಾದರೆ ಆ ಜನವರಿ 6 ಎಲ್ಲಿಂದ ಬಂತು?

ಮಿತ್ರನ ಹುಟ್ಟುಹಬ್ಬಕ್ಕೆ ಪ್ರಾಚೀನ ಆಧಾರ ಇಲ್ಲವೇ ಇಲ್ಲ. ಅದನ್ನು ಸುಮ್ನೆ ಒಬ್ಬರ ನೋಡಿ ಇನ್ನೊಬ್ಬರು ಹೇಳುತ್ತಾ ಬಂದಿದ್ದಾರೆ.

ಹಳೆನಾಣ್ಯ:
ಹಾಗಾದರೆ ಮಾರ್ಚ್ 25 ಯಾಕೆ? ಜೂಲಿಯಸ್ ಸೀಸರನ ಕ್ಯಾಲೆಂಡರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನ ಅಂತ ಗುರುತಿಸಿದ್ದು ಅದನ್ನೇ. ಅದೇ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25 ಅತಿ ಚಿಕ್ಕ ಹಗಲಿನ ದಿನ. ನಿಮ್ಮ ಲೆಕ್ಕದೊಳಗೇ ಸೂರ್ಯ ಕೂತಿದ್ದಾನೆ.

ಜನರ ಮನಸ್ಸಿನಲ್ಲೂ ಇವೆರಡು ಬೇರೆಯಾಗಿರಲಿಲ್ಲ. 5ನೇ ಶತಮಾನದ ಪೋಪ್ ಲಿಯೋ ಕ್ರಿಸ್‌ಮಸ್ ಪ್ರವಚನದಲ್ಲೇ ಬೈಯುತ್ತಾನೆ: ಸಂತ ಪೇತ್ರರ ಚರ್ಚಿನ ಮೆಟ್ಟಿಲು ಹತ್ತಿದ ಭಕ್ತರು ಒಳಗೆ ಹೋಗುವ ಮೊದಲು ತಿರುಗಿ ನಿಂತು, ಹುಟ್ಟುವ ಸೂರ್ಯನಿಗೆ ತಲೆ ಬಾಗಿಸುತ್ತಾರಂತೆ. ಅವರು ಕ್ರೈಸ್ತರೇ!

ಪಂಚಾಂಗಪ್ರಿಯ:
ಅತಿ ಚಿಕ್ಕ ಹಗಲು ಈಗ ಡಿಸೆಂಬರ್ 21 ಅಥವಾ 22. ಸೀಸರನ ವರ್ಷ 365 ದಿನ 6 ಗಂಟೆ. ಸೂರ್ಯನ ವರ್ಷಕ್ಕಿಂತ ಸುಮಾರು 11 ನಿಮಿಷ ಜಾಸ್ತಿ. ಅದೇ ಸೇರುತ್ತಾ ಸೇರುತ್ತಾ 1582ರ ಹೊತ್ತಿಗೆ ಆ ದಿನ ಡಿಸೆಂಬರ್ 12ರ ಹತ್ತಿರಕ್ಕೆ ಬಂದಿತ್ತು. ಆಗ ಪೋಪ್ 13ನೇ ಗ್ರೆಗರಿ 10 ದಿನ ಕಿತ್ತುಹಾಕಿದ. ಅಕ್ಟೋಬರ್ 4ರ ಮಾರನೇ ದಿನ ಅಕ್ಟೋಬರ್ 15. ಇದನ್ನು ಒಪ್ಪದ ರಷ್ಯಾದ ಚರ್ಚ್ ಈಗಲೂ ಕ್ರಿಸ್‌ಮಸ್ ಮಾಡೋದು ನಮ್ಮ ಜನವರಿ 7ಕ್ಕೆ.

ನಮ್ಮ ಸಂಕ್ರಾಂತಿಯ ಕತೆಯೂ ಇಂಥದ್ದೇ, ಕಾರಣ ಮಾತ್ರ ಬೇರೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ. ಹಾಗಾಗಿ ಸುಮಾರು 70 ವರ್ಷಕ್ಕೆ ಒಂದು ದಿನ ಋತುವಿನಿಂದ ದೂರ ಸರಿಯುತ್ತದೆ. ಸುಮಾರು 1700 ವರ್ಷಗಳ ಹಿಂದೆ, ಹೆಚ್ಚೂಕಡಿಮೆ ಆರೇಲಿಯನ್ನನ ಕಾಲದಲ್ಲೇ, ಮಕರ ಸಂಕ್ರಾಂತಿಯೂ ಸೂರ್ಯ ಉತ್ತರಕ್ಕೆ ತಿರುಗುವ ದಿನವೂ ಒಂದೇ ಆಗಿದ್ದವು. ಈಗ ಸೂರ್ಯ ತಿರುಗಿ ಮೂರು ವಾರ ಕಳೆದ ಮೇಲೆ ನಾವು ಎಳ್ಳು ಬೀರುತ್ತೇವೆ.

ಬರ್ಲಿನ್‌ಕನ್ನಡತಿ:
ಮರದ ವಿಚಾರ ಹೇಳುತ್ತೇನೆ. ಅದು ಅಷ್ಟು ಹಳೆಯದಲ್ಲ. ದಾಖಲೆ ಸಿಗೋದು 16ನೇ ಶತಮಾನದಿಂದ, ರೈನ್ ನದಿ ಪಕ್ಕದ ಅಲ್ಸಾಸ್ ಕಡೆ. ಸ್ಟ್ರಾಸ್‌ಬರ್ಗ್‌ನಲ್ಲಿ 1605ರ ಸುಮಾರಿಗೆ ಒಬ್ಬರು ಬರೆದಿಟ್ಟಿದ್ದಾರೆ: ಮನೆಯೊಳಗೆ ಫರ್ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಸ್ಕತ್ತು ತೂಗುಹಾಕುತ್ತಾರೆ ಅಂತ. ಸೇಬಿಗೆ ಕಾರಣ ಇದೆ. ಡಿಸೆಂಬರ್ 24 ಆದಾಮ, ಹವ್ವರ ದಿನ. ಅವರ ನಾಟಕಕ್ಕೆ ಸೇಬಿನ ಮರ ಬೇಕಿತ್ತು. ಕ್ರಿಸ್‌ಮಸ್ ಮರಕ್ಕೆ ಮೂಲ ಅದೇ ಅನ್ನೋದು ನನಗೆ ಹೆಚ್ಚು ನಂಬಿಕೆಯಾಗುವ ವಿವರಣೆ. ಇಲ್ಲಿ ಈಗಲೂ ಮರಕ್ಕೆ ದೀಪ ಹಚ್ಚಿ ಉಡುಗೊರೆ ಬಿಚ್ಚೋದು 24ರ ಸಂಜೆ.

ನಿಜವಾಗಿ ಹಬ್ಬಕ್ಕೆ ಹಬ್ಬ ಸೇರಿದ್ದು ನಾರ್ವೆಯಲ್ಲಿ. 10ನೇ ಶತಮಾನದ ದೊರೆ ಹಾಕನ್ ಕ್ರೈಸ್ತ, ಪ್ರಜೆಗಳು ಅಲ್ಲ. ಅವರ ಚಳಿಗಾಲದ ಯೂಲ್ ಹಬ್ಬವನ್ನು ಕ್ರಿಸ್‌ಮಸ್ ದಿನಕ್ಕೇ ಮಾಡಬೇಕು, ಮನೆಮನೆಯಲ್ಲೂ ಬಿಯರ್ ಇರಬೇಕು ಅಂತ ಕಾನೂನು ಮಾಡಿದನಂತೆ. ಇದನ್ನು ಬರೆದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬಂದದ್ದು ಸುಮಾರು 300 ವರ್ಷ ಆದಮೇಲೆ, ಅದು ನೆನಪಿರಲಿ.

ಕೊಡಿಯಾಲದವಳು:
ನಾನು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. 'ಕದ್ದರು' ಅನ್ನೋ ಮಾತು ನೋವು ಕೊಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಆರೋಪವನ್ನು ಗಟ್ಟಿಯಾಗಿ ಕೂಗಿದವರು ಕ್ರೈಸ್ತರೇ. ಬೈಬಲಿನಲ್ಲಿ ತಾರೀಖಿಲ್ಲ, ಇದು ಪೇಗನ್ ಹಬ್ಬ, ಅಂದರೆ ಹಳೇ ದೇವರುಗಳ ಹಬ್ಬ, ಅಂತ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು 1647ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ರದ್ದು ಮಾಡಿಸಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ 5 ಶಿಲ್ಲಿಂಗ್ ದಂಡ. ನಿಮ್ಮ ಗುಂಪಿಗೆ ಬರುವ ಮೆಸೇಜ್ ಅವರ ವಾದವೇ.

ನಮ್ಮ ಮನೆಯಲ್ಲಿ ಹಬ್ಬ ಅಂದರೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮತ್ತು ಕುಸ್ವಾರ್ (ಹಬ್ಬದ ತಿಂಡಿಗಳು). ಗೋದಲಿಯ ಹಸಿರಿಗಾಗಿ ಡಬ್ಬಿಯಲ್ಲಿ ಮೊದಲೇ ಭತ್ತ ಮೊಳಕೆಗೆ ಹಾಕುತ್ತೇವೆ. ಕಿಡಿಯೊಗೆ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಿ, ಕರಿದು ಸಕ್ಕರೆ ಪಾಕಕ್ಕೆ ಹಾಕುತ್ತೇವೆ. ನೆವ್ರಿಯೊ (ಕರ್ಜಿಕಾಯಿ) ಅಂತೂ ಪಕ್ಕದ ಮನೆಯವರು ಚೌತಿಗೆ ಮಾಡುವ ನೆವ್ರಿಯೇ. ಅದನ್ನು ನಾವು ಕದ್ದಿಲ್ಲ. ನಮ್ಮ ಹಿರಿಯರೂ ಅದನ್ನೇ ತಿಂದು ಬೆಳೆದವರು.

ಕೆರೆದಂಡೆ:
ಅಂದರೆ ಮಿತ್ರ ಹೋದ, ಮರವೂ ಹೋಯಿತು. ಉಳಿದದ್ದು ತಾರೀಖು.

ತಾಳೆಗರಿ:
ಅದಕ್ಕೂ ಒಂದು ಸುಳಿವಿದೆ. 4ನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದ ಡೊನಾಟಿಸ್ಟ್ ಪಂಗಡ ಚರ್ಚಿನಿಂದ ಬೇರೆಯಾಯಿತು. ಅವರು ಜನವರಿ 6ರ ಹಬ್ಬ ಮಾಡೋದಿಲ್ಲ ಅಂತ ಅಗಸ್ಟೀನ್ ದೂರುತ್ತಾನೆ. ಡಿಸೆಂಬರ್ 25ರ ಬಗ್ಗೆ ದೂರಿಲ್ಲ. ಒಡೆಯುವ ಮೊದಲೇ ಅವರಲ್ಲಿ ಕ್ರಿಸ್‌ಮಸ್ ಇತ್ತು ಅಂತ ಕೆಲವರು ಇದರಿಂದ ಊಹಿಸುತ್ತಾರೆ. ಹಾಗಿದ್ದರೆ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಚರ್ಚಿನ ಕಡೆ ವಾಲುವ ಮುಂಚೆ, ಕ್ರೈಸ್ತರು ಇನ್ನೂ ಏಟು ತಿನ್ನುತ್ತಿದ್ದಾಗಲೇ ಈ ಹಬ್ಬ ಇತ್ತು. ರೋಮನ್ ದೇವರಿಗೆ ಧೂಪ ಹಾಕೋದಿಲ್ಲ ಅಂತ ಪ್ರಾಣ ಬಿಟ್ಟ ಜನ ಅವರ ಹಬ್ಬವನ್ನೇ ಎತ್ತಿಕೊಂಡರು ಅಂದರೆ ನನಗೆ ಒಪ್ಪಲಾಗುವುದಿಲ್ಲ.

ಹಳೆನಾಣ್ಯ:
ಅದೂ 274ರ ಈಚೆಯದೇ ಆಗಬಹುದು. ಸೂರ್ಯ ತಿರುಗುವ ದಿನ ಅಂತ ಇಡೀ ಊರಿಗೆ ಗೊತ್ತಿದ್ದ ದಿನ ಅದು. ಅದು ಗೊತ್ತಿದ್ದೇ ಒಪ್ಪಿಕೊಂಡರು ಅನ್ನೋದು ನನ್ನ ಮಾತು. 'ಕದ್ದರು' ಅನ್ನೋದನ್ನು ನಾನೂ ಹೇಳುವುದಿಲ್ಲ.